ಟ್ರಂಕಿನೊಳಗಿನ ಡಗ್ಗಾ

ನಿಮ್ಮವ್ವ ದೊಡ್ಡ ಕೀಬೋರ್ಡ್ ತಂದ ವರ್ಷ ಅಡುಗೆಮನೆಯ ಸಾಮಾನುಗಳು ಮಹಡಿಯ ಕೋಣೆಗೆ ಹೋಗಿ ಬರತೊಡಗಿದವು. ಒಂದು ದಿನ ಹಿತ್ತಾಳೆಯ ತಂಬಿಗೆ ಕಾಣಲಿಲ್ಲ. ಸಂಜೆ ನೋಡಿದರೆ ತನ್ನ ಜಾಗದಲ್ಲೇ ಇತ್ತು. ಮರುದಿನ ಕುಟ್ಟಾಣಿ, ಅದರ ಮರುದಿನ ಸ್ಟೀಲಿನ ಕೊಡ. ಒಮ್ಮೊಮ್ಮೆ ಆಕೆ ಒಲೆಯ ಮುಂದೆ ನಿಂತು ಪಾತ್ರೆಗಳನ್ನು ಬೆರಳಿನಿಂದ ಬಡಿದು ಕಿವಿಗೊಡುತ್ತಿದ್ದಳು, ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ. ಮೊಮ್ಮಕ್ಕಳು ನೀವಿಬ್ಬರೂ ಆಗ ಇನ್ನೂ ಸಣ್ಣವರು, ನಿಮಗೆ ಇದೆಲ್ಲ ಆಟ. ನಾನು ಏನೂ ಕೇಳಲಿಲ್ಲ. ಬಾಯಿಬಿಟ್ಟು ಕೇಳುವ ಸ್ವಭಾವ ನನ್ನದಲ್ಲ. ಆದರೆ ಯಾವುದು ಹೋಯಿತು, ಯಾವುದು ಬಂತು ಎಂದು ನೋಡುತ್ತಲೇ ಇದ್ದೆ.

ಆಕೆಯ ಕೆಲಸ ಏನೆಂದು ನಿಧಾನಕ್ಕೆ ತಿಳಿಯಿತು. ಸಪ್ತಾಪುರದ ಈ ಮನೆಯಲ್ಲಿ ಸೋಮವಾರ ಸಂಜೆ ಓಣಿಯ ಹೆಣ್ಣುಮಕ್ಕಳು ಕೂಡಿ ಭಜನೆ ಮಾಡುತ್ತಿದ್ದೆವು. ನಿಮ್ಮಜ್ಜ ಬಾಗಿಲ ಬದಿಗೆ ಕೂತು ಡಗ್ಗಾ, ಅಂದರೆ ತಬಲಾ ಜೋಡಿಯ ಎಡಗೈ ದೊಡ್ಡದನ್ನು, ಬಾರಿಸುತ್ತಿದ್ದರು. ಅವರು ತೀರಿಹೋದ ಮೇಲೆ ಬರೀ ತಾಳ ಉಳಿಯಿತು. ಹಾಡು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಡೆ ಓಡುತ್ತಿತ್ತು. ಬರುವವರೂ ಕಡಿಮೆಯಾದರು. ಕೀಬೋರ್ಡಿನಲ್ಲಿ ಮೊದಲೇ ಇರುವ ಡ್ರಮ್ಮುಗಳು ಭಜನೆಗೆ ಹೊಂದುವುದಿಲ್ಲ ಎಂದು ನಿಮ್ಮವ್ವ ಬೇರೆ ಬೇರೆ ಸದ್ದುಗಳನ್ನು ಫೋನಿನಲ್ಲಿ ಹಿಡಿದು, ಹಿಂದೆ ಮುಂದೆ ಕತ್ತರಿಸಿ, ಒಂದೊಂದು ಕೀಗೆ ಒಂದೊಂದನ್ನು ಕೂರಿಸುತ್ತಿದ್ದಳು. ಒತ್ತಿದರೆ ತಂಬಿಗೆ, ಪಕ್ಕದ್ದು ಒತ್ತಿದರೆ ಕೊಡ. ಹಳ್ಳಿಯ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ನನಗೆ ತಿಳಿದದ್ದು ಇಷ್ಟು.

ಉದ್ದೇಶ ಒಳ್ಳೆಯದೇ. ಆದರೆ ಆ ಕೀಬೋರ್ಡ್ ಬಂದ ಕೆಲವೇ ದಿನಗಳಲ್ಲಿ ಮನೆಯ ಹಾರ್ಮೋನಿಯಂ ಆಕೆ ಸಂಗೀತ ಕಲಿಸುವ ಶಾಲೆಗೆ ಹೋಗಿತ್ತು. ನನ್ನನ್ನು ಕೇಳಿರಲಿಲ್ಲ. "ಇದರಾಗ ಹಾರ್ಮೋನಿಯಂ ಐತಲ್ರಿ ಅತ್ತಿ, ಅದ್ಯಾಕ ಜಾಗಾ ಹಿಡಕೊಂಡು ಕೂಡಬೇಕು," ಅಂದಿದ್ದಳು. ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿದಿತ್ತು. ಹಾಗಾಗಿ ಒಂದು ಮುಂಜಾನೆ ಆಕೆ ನಾನು ಟ್ರಂಕಿನಲ್ಲಿ ಬೀಗ ಹಾಕಿಟ್ಟಿದ್ದ ಡಗ್ಗಾ ಕೇಳಿದಾಗ ಸೆರಗನ್ನು ಕೊರಳಿಗೆ ಎಳೆದುಕೊಂಡೆ.

"ನಾಕ ಪೆಟ್ಟ ಹಿಡಕೊಂಡು ವಾಪಸ್ ಕೊಡ್ತೇನ್ರಿ."

"ಟ್ರಂಕಿನ ಕೀಲಿ ಎಲ್ಲಿಟ್ಟೇನೋ ನೆನಪಿಲ್ಲವಾ."

"ನಿಮ್ಮ ಕೊರಳಾಗ ಐತಲ್ರಿ."

"ಇದು ದೇವರ ಕಪಾಟಿಂದು."

"ಹಂಗಾರ ದೇವರನ್ನ ಕೇಳ್ತೇನಿ ಬಿಡ್ರಿ," ಎಂದು ನಕ್ಕು ಮೇಲೆ ಹೋದಳು.

ಆ ನಗು ನನಗೆ ಸರಿ ಕಾಣಲಿಲ್ಲ. ಜಳಕಕ್ಕೆ ಹೋಗುವಾಗ ಕೀಲಿಯ ದಾರವನ್ನು ಗೂಟಕ್ಕೆ ಹಾಕುವ ರೂಢಿ ನನ್ನದು. ಅಂದಿನಿಂದ ಬಚ್ಚಲಿಗೂ ಒಯ್ಯತೊಡಗಿದೆ. ಡಗ್ಗಾ ಸುತ್ತಿದ ಧೋತರದ ಗಂಟನ್ನು ಬಿಚ್ಚಿ, ಯಾರಾದರೂ ಮುಟ್ಟಿದರೆ ಗೊತ್ತಾಗಲೆಂದು ಅದರ ತುದಿ ಎಡಕ್ಕೆ ಮಡಚುವ ಹಾಗೆ ಮತ್ತೆ ಕಟ್ಟಿದೆ. ಅದರ ಸದ್ದು ಕೀಬೋರ್ಡಿನಲ್ಲಿ ಸೇರಿಕೊಂಡರೆ ಆಮೇಲೆ ಡಗ್ಗಾ ಯಾರಿಗೆ ಬೇಕು? ಅದೂ ಹಾರ್ಮೋನಿಯಂ ಹಾದಿ ಹಿಡಿಯುತ್ತದೆ. ನಿಮ್ಮಜ್ಜನ ಕೈ ದಿನಾ ಮುಟ್ಟಿದ ಸಾಮಾನು ಅಂತ ಮನೆಯಲ್ಲಿ ಉಳಿದದ್ದು ಅದೊಂದೇ.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಮೇಲಿನಿಂದ ಸದ್ದು ಬಂತು. ಗುಂ. ಸ್ವಲ್ಪ ಬಿಟ್ಟು ಮತ್ತೆ ಗುಂ. ಅಂಗೈ ಒತ್ತಿ ಹಿಡಿದಾಗ ಬರುವಂಥ ತುಂಬಿದ ದನಿ. ಮೊರ ಅಲ್ಲೇ ಬಿಟ್ಟು ಟ್ರಂಕಿನ ಬಳಿ ಹೋದೆ. ಬೀಗ ಹಾಕಿತ್ತು. ತೆಗೆದು ನೋಡಿದರೆ ಗಂಟು ಇದ್ದಂತೇ ಇತ್ತು, ತುದಿ ಎಡಕ್ಕೇ ಇತ್ತು. ಬಟ್ಟೆಯ ಮೇಲಿಂದ ಮುಟ್ಟಿದೆ, ಡಗ್ಗಾ ಒಳಗೇ ಇತ್ತು. ಅಷ್ಟರಲ್ಲಿ ಮೇಲೆ ಮತ್ತೆ ಗುಂ ಅಂದಿತು. ತೆಗೆಯಲು ಗೊತ್ತಿದ್ದವಳಿಗೆ ಕಟ್ಟಲೂ ಗೊತ್ತಿರುತ್ತದೆ ಅಂದುಕೊಂಡು ಮೆಟ್ಟಿಲು ಹತ್ತಿದೆ.

"ಯಾವಾಗ ತಗದಿ?"

"ಏನನ್ರಿ?"

"ಡಗ್ಗಾ."

ಆಕೆ ನನ್ನ ಮುಖ ನೋಡಿದಳು. "ನಿಮಗೂ ಡಗ್ಗಾ ಅನಿಸ್ತೇನ್ರಿ? ಖರೇನ? ಅತ್ತಿ, ಇದು ನೀವ್ರಿ."

ಫೋನು ತೆಗೆದು ಕೇಳಿಸಿದಳು. ಧಪ್ ಧಪ್ ಧಪ್, ನಡುವೆ ನನ್ನ ಕೆಮ್ಮು. ಮುಂಜಾನೆ ಕಟ್ಟಿಗೆಯ ಮಣೆಯ ಮೇಲೆ ನಾನು ರೊಟ್ಟಿ ಬಡಿಯುವ ಸದ್ದು. ಹಿಟ್ಟಿನ ಡಬ್ಬಿಯ ಹಿಂದೆ ಫೋನು ಇಟ್ಟು ಹಿಡಿದಿದ್ದಳು. ಅದರಲ್ಲಿ ಒಂದೇ ಪೆಟ್ಟು ಕತ್ತರಿಸಿ, ದನಿಯನ್ನು ಕೆಳಗಿಳಿಸಿ, ಕೀಗೆ ಕೂರಿಸಿದ್ದಳು.

"ಕೇಳಿ ಹಿಡಿಬಾರದಿತ್ತೇನ?"

"ಕೇಳಿದ್ರ ನೀವು ಅವತ್ತ ರೊಟ್ಟಿನ ಬಡೀತಿದ್ದಿಲ್ರಿ."

ಅದು ನಿಜ. ನಿಜವೆಂದೇ ಸಿಟ್ಟು ಬಂತು. "ಹಾರ್ಮೋನಿಯಂ ಕೊಡಬೇಕಾದ್ರೂ ಕೇಳಲಿಲ್ಲ ನೀ," ಅಂದೆ. ಅಷ್ಟು ದಿನ ಇಟ್ಟುಕೊಂಡ ಮಾತು.

ಆಕೆ ಕೀಬೋರ್ಡಿನ ಮೇಲಿಂದ ಕೈ ತೆಗೆದಳು. "ಇಲ್ರಿ, ಕೇಳಲಿಲ್ಲ. ಅದು ನಂದ ತಪ್ಪು. ನೀವು ಏನೂ ಅನ್ನಲಿಲ್ಲಲ್ಲ, ಬ್ಯಾಡಾಗೇದ ಅನಕೊಂಡೆ."

"ನಾಳೆ ಡಗ್ಗಾನೂ ಬ್ಯಾಡಾಗ್ತದ."

"ಡಗ್ಗಾ ಎಲ್ಲಿಗೂ ಹೋಗೂದಿಲ್ರಿ."

ಹೋಗುವುದಿಲ್ಲ ಎಂದು ಯಾರಾದರೂ ಹೇಳಬಹುದು. ನಾನು ನಂಬಲಿಲ್ಲ. ಆದರೂ ನನ್ನ ಕೈಯ ಸದ್ದು ನನಗೇ ಮೋಸ ಮಾಡಿತ್ತಲ್ಲ, ಎರಡನ್ನೂ ಜೊತೆಗಿಟ್ಟು ಕೇಳಬೇಕೆನಿಸಿತು. ಡಗ್ಗಾ ಹೊತ್ತು ತಂದು, ಗಂಟು ನಾನೇ ಬಿಚ್ಚಿ, "ನನ್ನ ಮುಂದನ ಬಾರಿಸು," ಅಂದೆ.

ಆಕೆ ಬಾರಿಸಿದಳು. ಹಸಿ ಚೀಲಕ್ಕೆ ಹೊಡೆದ ಹಾಗೆ ಕೇಳಿಸಿತು. ಚರ್ಮ ಸಡಿಲಾಗಿತ್ತು, ಮೇಲಿನ ಕಪ್ಪು ಲೇಪ ಬಿರುಕು ಬಿಟ್ಟಿತ್ತು. ಬೀಗ ಹಾಕಿ ಕಾಯ್ದುಕೊಂಡ ದನಿ ಯಾವಾಗಲೋ ಹೋಗಿಬಿಟ್ಟಿತ್ತು.

"ಹುಬ್ಬಳ್ಳಿಯಾಗ ಹೊಸ ಚರ್ಮ ಹಾಕಿ ಕೊಡ್ತಾರ್ರಿ," ಅಂದಳು.

"ಹೊಸಾದು ಹಾಕಿದ್ರ ಅವರು ಬಾರಿಸಿದ್ದು ಹೆಂಗ ಆಗ್ತದವಾ."

ಆಕೆ ಒತ್ತಾಯ ಮಾಡಲಿಲ್ಲ. ಧೋತರ ಹಾಸಿ ಡಗ್ಗಾ ನಡುವೆ ಇಟ್ಟಳು. ನಾನು ಕಟ್ಟಹೋದರೆ ಗಂಟು ಜಾರುತ್ತಿತ್ತು. ಆಕೆ ಗಂಟಿನ ಮೇಲೆ ಬೆರಳೊತ್ತಿ ಹಿಡಿದಳು, ನಾನು ಬಿಗಿದೆ. ತುದಿಯನ್ನು ಎಡಕ್ಕೆ ಮಡಚಿದ್ದು ಆಕೆಯೇ. ಅದನ್ನು ಯಾವಾಗ ನೋಡಿದ್ದಳೋ ಏನೋ.

ಸೋಮವಾರ ಭಜನೆಗೆ ರೊಟ್ಟಿಯ ಸದ್ದೇ ನುಡಿಯಿತು. ಹಾಡು ಎಲ್ಲೂ ಓಡಲಿಲ್ಲ. ಎದುರು ಮನೆಯಾಕೆ ನನ್ನ ಕಿವಿಯ ಬಳಿ ಬಗ್ಗಿ, "ನಿಮ್ಮನಿಯವರ ಡಗ್ಗಾ ಏನ್ರಿ ಇದು," ಅಂದಳು. "ಮಷೀನಿಂದ್ರಿ," ಅಂದು ತಾಳ ಹಾಕಿದೆ.

ಆಮೇಲೊಮ್ಮೆ ನನ್ನನ್ನು ಕೇಳಿಯೇ ಫೋನು ಎದುರಿಗೆ ಇಟ್ಟು ಮತ್ತೆ ಹಿಡಿದಳು. ಅಂದು ಒಂದು ಪೆಟ್ಟೂ ನೆಟ್ಟಗೆ ಬೀಳಲಿಲ್ಲ, ರೊಟ್ಟಿಗಳೂ ಹರಿದವು. "ಕದ್ದು ಹಿಡದದ್ದ ಛಲೋ ಇತ್ರಿ ಅತ್ತಿ," ಅಂದಳು.

ಟ್ರಂಕಿನ ಕೀಲಿ ಈಗ ಗೂಟದಲ್ಲೇ ಇರುತ್ತದೆ. ಹಿಟ್ಟಿನ ಡಬ್ಬಿಯ ಹಿಂದೆ ಮಾತ್ರ ದಿನಾ ನೋಡಿಯೇ ರೊಟ್ಟಿಗೆ ಕೂಡುತ್ತೇನೆ.