ಬಲಿಕೋವನ ಬೆನ್ನ ಮೇಲಿನ ಮೊಮ್ಮಗಳು

ಬಲಿಕೋವ ಮಗಳ ಜೊತೆ ಮಾತು ಬಿಟ್ಟಿದ್ದಾನೆ ಅನ್ನುವುದು ನಮುಲಂದ ಊರಿಗೆಲ್ಲ ಗೊತ್ತಿತ್ತು. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಸೈಕಲ್ ತುಳಿಯುವುದು ಅವನ ಕಸುಬು. ಹಿಂದಿನ ಮೆತ್ತೆಯ ಮೇಲೆ ಕೂತವರ ಜೊತೆ ಮಳೆ, ಜೋಳ, ಸರ್ಕಾರ, ಕಂಡವರ ಮನೆಯ ಜಗಳ ಎಲ್ಲವನ್ನೂ ಮಾತಾಡುತ್ತ ಕಮುಲಿ ರಸ್ತೆಯ ಏರನ್ನು ಏದುಸಿರಿಲ್ಲದೆ ಹತ್ತಿಸುತ್ತಿದ್ದ. ಮನೆಗೆ ಬಂದರೆ ಬಾಯಿಗೆ ಬೀಗ. ಮಗಳು ಕಗೋಯ ಮಂಡಿಯೂರಿ ಗೆಣಸಿನ ತಟ್ಟೆ ಮುಂದಿಟ್ಟರೆ ತಟ್ಟೆಯನ್ನು ನೋಡಿಕೊಂಡು ಉಂಡು ಏಳುತ್ತಿದ್ದ.

ಎಲ್ಲ ಶುರುವಾದದ್ದು ಕರೋನಾ ಬಂದು ಶಾಲೆ ಮುಚ್ಚಿದಾಗ. ಒಂದು ತಿಂಗಳ ಮಾತು ಅಂದಿದ್ದರು. ತಿಂಗಳು ಹೋಗಿ ವರ್ಷವಾಯಿತು, ಇನ್ನೊಂದು ವರ್ಷವೂ ಮುಗಿಯುತ್ತ ಬಂತು. ತರಗತಿಗಳೊಳಗೆ ಆಡುಗಳು ಮಲಗತೊಡಗಿದವು. ಮೊದಮೊದಲು ಕಗೋಯ ರೇಡಿಯೋದಲ್ಲಿ ಬರುತ್ತಿದ್ದ ಪಾಠಕ್ಕೆ ಕಿವಿ ಹಚ್ಚಿ ಕೂರುತ್ತಿದ್ದಳು. ಆಮೇಲೆ ಸುಮ್ಮನೆ ಕೂತು ಬೇಸತ್ತು ಸರೋವರದ ದಂಡೆಗೆ ಮೀನು ಒಣಹಾಕುವ ಕೂಲಿಗೆ ಹೋದಳು. ಅಲ್ಲೊಬ್ಬ ದೋಣಿಯ ಹುಡುಗ ಸಿಕ್ಕ. ಹೊಟ್ಟೆ ಕಾಣುವ ಹೊತ್ತಿಗೆ ಅವನು ದ್ವೀಪಗಳ ಕಡೆ ಮಾಯವಾಗಿದ್ದ. ಅವನ ಮನೆಯವರು "ನಮ್ಮ ಹುಡುಗ ಅಂಥವನಲ್ಲ, ಬೇರೆ ಯಾರ್ನಾದ್ರೂ ಹುಡುಕ್ಕೊಳ್ಳಿ" ಎಂದು ಬಾಗಿಲಲ್ಲೇ ಹೇಳಿ ಕಳಿಸಿದರು.

ಬಲಿಕೋವ ಮಗಳ ಮೇಲೆ ಕೈ ಮಾಡಲಿಲ್ಲ. ಅದಕ್ಕೆ ಊರವರು ಅವನನ್ನು ಹೊಗಳಿದರು. ಕಗೋಯ ಮಾತ್ರ ಪಕ್ಕದ ಮನೆಯವಳ ಮುಂದೆ ಅತ್ತಳು: "ಎರಡೇಟು ಹಾಕಿದ್ರೂ ತಡ್ಕೋತಿದ್ದೆ ಅಕ್ಕಾ. ಈ ಮೌನ ತಡಿಯೋಕಾಗಲ್ಲ."

ತಾಯಿ ಸತ್ತಾಗ ಕಗೋಯಳಿಗೆ ಐದು ವರ್ಷ. ಅವಳನ್ನು ಬೆಳೆಸಿದ್ದು ಬಲಿಕೋವನ ತಾಯಿ ನಂಗೋಬಿ. ಮಳೆಗಾಲದಲ್ಲಿ ಜೌಗು ದಾಟುವಾಗ ಮೊಮ್ಮಗಳನ್ನು ಬೆನ್ನಿಗೆ ಹಾಕಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದ ಗಟ್ಟಿ ಹೆಂಗಸು. ರೋಗ ಬರುವ ಮುಂಚಿನ ವರ್ಷ ಅವಳೂ ಹೋಗಿದ್ದಳು. ಹೀಗಾಗಿ ಮನೆಯಲ್ಲಿ ಉಳಿದವರು ಮಾತಾಡದ ಅಪ್ಪ, ಮಗಳು, ಮತ್ತು ಹೆಸರಿಲ್ಲದ ಒಂದು ಹೆಣ್ಣು ಕೂಸು. ಹೆಸರು ಕೊಡಬೇಕಾದದ್ದು ತಂದೆಯ ಕುಲ. ಆ ಕುಲವೇ ಕೈ ತೊಳೆದುಕೊಂಡ ಮೇಲೆ ಏನೆಂದು ಕರೆಯುವುದು? ಕೂಸು ಕೂಸಾಗಿಯೇ ಉಳಿಯಿತು.

ಜನವರಿಯಲ್ಲಿ ಶಾಲೆ ತೆರೆಯುವ ಆಜ್ಞೆ ಬಂತು. ಊರ ಚೇರ್ಮನ್ ಧ್ವನಿವರ್ಧಕ ಹಿಡಿದು ಬೀದಿ ಬೀದಿ ಸುತ್ತಿದ. "ಎಲ್ಲಾ ಮಕ್ಕಳೂ ಶಾಲೆಗೆ ಬರ್ಬೇಕು! ರೇಡಿಯೋ ಪಾಠ ಮುಗೀತು! ತರಗತೀಲಿ ಕೂತೋರಿಗಷ್ಟೇ ಪರೀಕ್ಷೆ! ಬಸುರಿಯರೂ ಬರ್ಬೇಕು, ಬಾಣಂತಿಯರೂ ಬರ್ಬೇಕು!"

"ಹಾಗಾದ್ರೆ ನಾನೂ ಬರ್ಲಾ ಚೇರ್ಮನ್ರೇ?" ಎಂದು ಹಲ್ಲಿಲ್ಲದ ಮುದುಕಿಯೊಬ್ಬಳು ಅಂಗಳದಿಂದ ಕೂಗಿದಾಗ ಬೀದಿಯೆಲ್ಲ ನಕ್ಕಿತು. ಕಗೋಯ ನಗಲಿಲ್ಲ. ಮರುದಿನ ಬೆಳಿಗ್ಗೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಒಬ್ಬಳೇ ಹೈಸ್ಕೂಲಿಗೆ ನಡೆದಳು.

ಮುಖ್ಯೋಪಾಧ್ಯಾಯಿನಿ ನಬ್ವೀರೆ ಮೇಡಂ ಮಾತಿನಲ್ಲಿ ಖಡಕ್ಕು. ಪಾಠ ಬರೆದುಕೊಂಡು ಹೋಗಿ ಮನೆಯಲ್ಲೇ ಓದಬಹುದೇ ಎಂದು ಕಗೋಯ ಕೇಳಿದ್ದಕ್ಕೆ ಆಗದೆಂದು ತಲೆಯಾಡಿಸಿದರು. "ಮನೇಲಿ ಓದ್ತೀನಿ ಅಂದೋರೆಲ್ಲ ಏನಾದ್ರು ಅಂತ ಎರಡು ವರ್ಷ ನೋಡಿದೀನಿ. ನೀನು ನನ್ನ ಕಣ್ಮುಂದೆ ಬೆಂಚಿನ ಮೇಲೆ ಕೂರ್ಬೇಕು."

"ಕೂಸು ಇನ್ನೂ ಹಾಲು ಕುಡಿಯುತ್ತೆ, ಮೇಡಂ."

"ಕೂಸನ್ನ ಒಳಗೆ ಬಿಡೋ ಹಾಗಿಲ್ಲ ಕಣಮ್ಮ. ರೋಗದ ಕಾಲ. ಯಾರ ಕೈಲಾದ್ರೂ ಬಿಟ್ಟು ಬಾ."

ಯಾರ ಕೈಯಲ್ಲಿ? ಅದನ್ನೇ ಯೋಚಿಸುತ್ತ ಅವಳು ಬಿಸಿಲಲ್ಲಿ ವಾಪಸು ಬರುತ್ತಿದ್ದಾಗ ಹಿಂದಿನಿಂದ ಸೈಕಲ್ ಗಂಟೆ ಕೇಳಿತು. ಬಲಿಕೋವ ಒಂದು ಕಾಲು ನೆಲಕ್ಕೂರಿ ನಿಂತಿದ್ದ.

"ಹತ್ತು," ಅಂದ.

ಎಷ್ಟೋ ತಿಂಗಳ ಮೇಲೆ ಅವಳ ಕಡೆ ಬಂದ ಮೊದಲ ಮಾತು ಅದು. ಅವಳು ಹತ್ತಿ ಕೂತಳು. ಅಂಗಳ ಸೇರಿದ ಮೇಲೆ ಅವನು ಸೈಕಲ್ಲಿನ ಸರಪಳಿಯನ್ನು ಸುಮ್ಮಸುಮ್ಮನೆ ಒರೆಸುತ್ತ ಕೇಳಿದ: "ಏನಂದ್ರು?"

ಅವಳು ಹೇಳಿದಳು. ಅವನು ಇನ್ನೂ ಸ್ವಲ್ಪ ಒರೆಸಿದ.

"ಸೋಮವಾರ ಹೋಗು. ಕೂಸನ್ನ ನನ್ನ ಹತ್ರ ಕೊಟ್ಟು ಹೋಗು."

"ನೀನು ದುಡಿಯೋಕೆ ಹೋಗ್ಬೇಕಲ್ಲ, ಅಪ್ಪಾ?"

"ನಾನೇನು ಕೂತಲ್ಲೇ ಕೂರ್ತೀನಾ? ಅದೂ ಬರುತ್ತೆ ನನ್ ಜೊತೆ."

ಸೋಮವಾರ ಮುಂಜಾನೆ ಕಗೋಯ ಸಮವಸ್ತ್ರ ತೊಟ್ಟು ಅಪ್ಪನ ಬೆನ್ನಿಗೆ ಕೂಸನ್ನು ಕಟ್ಟಿದಳು. "ಬಗ್ಗು ಅಪ್ಪಾ. ಇನ್ನೂ ಬಗ್ಗು. ಉಸಿರು ಬಿಗಿ ಹಿಡೀಬೇಡ, ಅದೇನು ಜೋಳದ ಮೂಟೆನಾ?" ಮೂಟೆಯಾಗಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಬಟ್ಟೆಯ ಗಂಟನ್ನು ಎದೆಯ ಮೇಲೆ ಮೂರು ಸಲ ಮುಟ್ಟಿ ನೋಡಿಕೊಂಡು ಸೈಕಲ್ ಹತ್ತಿದ.

ನಮುಲಂದದ ಸುತ್ತಲಿನ ಬುಸೋಗ ಸೀಮೆಯಲ್ಲಿ ಗಂಡಸು ಕೂಸನ್ನು ಬೆನ್ನಿಗೆ ಕಟ್ಟಿಕೊಂಡದ್ದನ್ನು ಕಂಡವರಿಲ್ಲ. ಕೂಡುರಸ್ತೆಯ ಸೈಕಲ್ಲಿನವರಿಗಂತೂ ಹಬ್ಬವಾಯಿತು.

"ಏನ್ ಬಲಿಕೋವಮ್ಮಾ, ಹಾಲು ಚೆನ್ನಾಗಿ ಬರ್ತಿದೆಯಾ?"

"ಬಾಣಂತನ ಯಾವಾಗ ಮುಗೀತೋ? ಒಂದು ಮಾತು ಹೇಳ್ಬಾರ್ದಾ, ಕೋಳಿ ತರ್ತಿದ್ವಲ್ಲ!"

ಬಲಿಕೋವನ ಕಿವಿ ಸುಟ್ಟಿತು. ಆದರೂ ಸೋಲುವ ಬಾಯಲ್ಲ ಅದು. "ಕೋಳಿ ಈಗ್ಲೂ ತರಬಹುದು ಕಣ್ರೋ. ಇವಳು ನನ್ನ ಖಾಯಂ ಗಿರಾಕಿ. ಬೆನ್ನ ಮೇಲೆ ಉಚ್ಚೆ ಹೊಯ್ಯುತ್ತಾಳೆ ನಿಜ, ಆದ್ರೆ ನಿಮ್ಮ ಗಿರಾಕಿಗಳ ಹಾಗೆ ಚೌಕಾಸಿ ಮಾಡಲ್ಲ."

ಸಂತೆಗೆ ಹೋಗುವ ಹೆಂಗಸರು ಮಾತ್ರ ಅವನ ಸೈಕಲ್ಲನ್ನೇ ಹುಡುಕಿಕೊಂಡು ಬರತೊಡಗಿದರು. ಹಿಂದೆ ಕೂತವರ ಮೂಗಿಗೆ ಎದುರಾಗಿ ಕೂಸಿನ ಮುಖ. ಏರಿನಲ್ಲಿ ಅವನು ಬೆವರು ಸುರಿಸುತ್ತಿದ್ದರೆ ಬೆನ್ನ ಹಿಂದೆ ಮುದ್ದಾಟ ನಡೆಯುತ್ತಿತ್ತು.

ಆ ಮೊದಲ ದಿನವೇ ಮಧ್ಯಾಹ್ನ, ಹಾಲಿನ ಹೊತ್ತಿಗೆ ಅವನು ಶಾಲೆಯ ಗೇಟಿಗೆ ಬಂದ. ಕಾವಲುಗಾರ ಇಸಾಬಿರ್ಯೆ ಜ್ವರ ನೋಡುವ ಯಂತ್ರವನ್ನು ಬಂದೂಕಿನಂತೆ ಹಿಡಿದು ಅಡ್ಡ ನಿಂತ. ಕರೋನಾ ನಿಯಮ. ಗೇಟಿಗೆ ಬಂದ ಪ್ರತಿಯೊಬ್ಬರ ಹಣೆಗೂ ಯಂತ್ರ ಹಿಡಿಯಬೇಕು, ಹೆಸರು ಕೇಳಬೇಕು.

"ನಿನ್ನ ಹೆಸ್ರು ಗೊತ್ತು ಬಿಡಣ್ಣ. ಇದರದ್ದು?"

"ಕೂಸು."

"ಕೂಸು ಅಂತ ಹೆಸರಿರುತ್ತಾ? ಮೇಡಂ ನಂಗೆ ಬೈತಾರೆ. ಸರಿಯಾಗಿ ಹೇಳು."

ಕೂಸು ಬೆನ್ನ ಮೇಲೆ ಒದ್ದಾಡಿ ಬಲಿಕೋವನ ಕತ್ತಿನ ಕೂದಲನ್ನು ಹಿಡಿದು ಜಗ್ಗಿತು. "ನಂಗೋಬಿ," ಅಂದ ಅವನು. "ನಂಗೋಬಿ ಅಂತ. ನಮ್ಮ ಕುಲದ ಹುಡುಗಿ."

ಗಂಟೆ ಹೊಡೆದದ್ದೇ ಓಡಿ ಬಂದಿದ್ದ ಕಗೋಯ ಕಾವಲುಗಾರನ ಹಿಂದೆಯೇ ನಿಂತಿದ್ದಳು. ಅದು ಅವಳ ಕಿವಿಗೆ ಬಿತ್ತು. ಗೇಟಿನಾಚೆಯ ಹಲಸಿನ ಮರದ ಕೆಳಗೆ ಅವಳು ಮಂಡಿಯೂರಿ ಅಪ್ಪನ ಬೆನ್ನಿನ ಬಟ್ಟೆ ಬಿಚ್ಚಿದಳು.

"ಅಪ್ಪಾ, ಅಜ್ಜಿ ಹೆಸರು..."

"ಹೂಂ." ಅವನು ಮುಖ ತಿರುಗಿಸಿ ಸೈಕಲ್ಲಿನ ಚಕ್ರ ಒತ್ತಿ ನೋಡಿದ. "ಬೇಗ ಹಾಲು ಕುಡಿಸು. ಗಂಟೆ ಹೊಡೀತಾರೆ."

ದಿನವೂ ಹೀಗೇ ನಡೆಯಿತು. ಸುದ್ದಿ ಊರೂರಿಗೆ ಹರಡಿತು. ಕೂಸು ಕಟ್ಟಿಕೊಂಡು ಮನೆಯಲ್ಲೇ ಉಳಿದಿದ್ದ ಇನ್ನೂ ಕೆಲವು ಹುಡುಗಿಯರು ಶಾಲೆಗೆ ಬಂದರು. ಅವರ ಕೂಸುಗಳ ಜೊತೆ ಅಜ್ಜಿಯರೂ ಬಂದರು. ಅವರಲ್ಲಿ ಎಲ್ಲರಿಗಿಂತ ಗಟ್ಟಿ ಬಾಯಿಯ ತಿಬಿತಾ ಅಜ್ಜಿ ಮೊದಲ ದಿನವೇ ಹಲಸಿನ ಮರದ ಕೆಳಗೆ ಬಲಿಕೋವನ ಪಕ್ಕ ಕಾಲು ಚಾಚಿ ಕೂತು ಹೇಳಿದಳು: "ನನ್ ಮೊಮ್ಮಗಳು ಮನೆ ಬಿಟ್ಟು ಹೊರಗೆ ಬರಲ್ಲ ಅಂತಿದ್ಲು. ಮೀಸೆ ಇರೋ ಗಂಡಸೇ ನಾಚಿಕೆ ಬಿಟ್ಟು ಕೂತಿದಾನೆ, ನಿಂದೇನೇ ಅಂದೆ. ಎದ್ದು ಬಂದ್ಲು."

ಒಂದು ದಿನ ನಬ್ವೀರೆ ಮೇಡಂ ಗೇಟಿನಿಂದ ಹೊರಗೆ ಬಂದರು. ಎಲ್ಲರೂ ಬೈಗುಳಕ್ಕೆ ತಯಾರಾಗಿ ಕೂಸುಗಳನ್ನು ಎದೆಗೊತ್ತಿಕೊಂಡರು.

"ದೂರ ದೂರ ಕೂರಿ ಅಂತ ಎಷ್ಟು ಸಲ ಹೇಳ್ಬೇಕು? ಮಾಸ್ಕು ಗಲ್ಲಕ್ಕಲ್ಲ ಅಜ್ಜಿ, ಮೂಗಿಗೆ."

"ಮೂಗು ಮುಚ್ಕೊಂಡ್ರೆ ನಾನು ಯಾರಂತ ಈ ಕೂಸಿಗೆ ಗೊತ್ತಾಗಲ್ಲ, ಚೀರಿಕೊಳ್ಳುತ್ತೆ!" ಅಂದಳು ತಿಬಿತಾ.

ಮೇಡಂ ನಗು ನುಂಗಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಇಸಾಬಿರ್ಯೆ ಎರಡು ಚಾಪೆ, ಒಂದು ಕ್ಯಾನು ನೀರು, ಸೋಪು ತಂದಿಟ್ಟು ಗೇಟಿಗೆ ಮರಳಿದ.

ಮಳೆಗಾಲ ಹಿಡಿದಾಗ ನಂಗೋಬಿಗೆ ಜ್ವರ ಬಂತು. ಒಂದು ಬೆಳಿಗ್ಗೆ ಬೆನ್ನ ಮೇಲೆ ಅವಳ ಮೈ ಕೆಂಡದಂತೆ ಸುಡುವುದು ಬಲಿಕೋವನಿಗೆ ಅಂಗಿಯೊಳಗಿಂದಲೇ ತಿಳಿಯಿತು. ಹಿಂದೆ ಕೂತಿದ್ದ ಗಿರಾಕಿಯನ್ನು ಅರ್ಧ ದಾರಿಯಲ್ಲಿ ಇಳಿಸಿ, ಕೆಸರಿನಲ್ಲಿ ಆರೋಗ್ಯ ಕೇಂದ್ರಕ್ಕೆ ತುಳಿದ. ಕರೋನಾವೇ ಅಂಟಿತೋ, ಬೀದಿ ಬೀದಿ ಸುತ್ತಿಸಿದ ತಾನೇ ಅಂಟಿಸಿದೆನೋ ಅನ್ನುವ ದಿಗಿಲಲ್ಲಿ ಅವನಿಗೆ ಪೆಡಲ್ಲೇ ಕಾಣಲಿಲ್ಲ. ಪರೀಕ್ಷೆ ಮಾಡಿದ ನರ್ಸು, "ಮಲೇರಿಯಾ ಅಷ್ಟೆ. ಬೇಗ ತಂದಿದೀರಿ, ಹುಷಾರಾಗ್ತಾಳೆ," ಅಂದಾಗ ಅವನು ಕೂಸನ್ನು ಮಡಿಲಿಗೆ ಹಾಕಿಕೊಂಡು ಕೂತ.

ಮಧ್ಯಾಹ್ನ ಗೇಟಿನ ಬಳಿ ಅಪ್ಪನನ್ನು ಕಾಣದ ಕಗೋಯ ದಾರಿಯವರನ್ನು ಕೇಳುತ್ತ, ಸಮವಸ್ತ್ರ ಕೆಸರು ಮಾಡಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿ ಬಂದಳು. ಮಗಳನ್ನು ಎದೆಗವಚಿಕೊಂಡು, "ನಾನಿನ್ನು ಶಾಲೆಗೆ ಹೋಗಲ್ಲ, ಸಾಕು," ಎಂದು ಬಿಕ್ಕಿದಳು.

"ಸುಮ್ನಿರು. ನಾಳೆ ಹೋಗ್ತೀಯ."

"ಇವಳಿಗೆ ಏನಾದ್ರೂ ಆಗಿದ್ರೆ?"

"ಆಗ್ಲಿಲ್ಲವಲ್ಲ. ನೀನು ಇದ್ದಿದ್ರೂ ಸೊಳ್ಳೆ ಕಚ್ತಿತ್ತು." ಬಲಿಕೋವ ಒದ್ದೆ ಟೋಪಿ ತೆಗೆದು ಹಿಂಡಿದ. "ನೋಡು ಮಗಳೇ, ನೀನು ಬಸುರಿ ಆಗಿದ್ದಾಗ ನಿನ್ನ ಜೊತೆ ಯಾರೂ ಇರ್ಲಿಲ್ಲ. ನಾನಿದ್ದೂ ಇರ್ಲಿಲ್ಲ. ಈಗ ಇದೀನಿ. ನೀನು ಓದು."

ಅಪ್ಪ ಮಾತು ಬಿಟ್ಟಂದಿನಿಂದ ಅವನ ಬಾಯಿಂದ ಅಷ್ಟು ಉದ್ದದ ಮಾತನ್ನು ಅವಳು ಕೇಳಿರಲಿಲ್ಲ. ಅವನ ತೋಳಿಗೆ ಹಣೆ ಆನಿಸಿಕೊಂಡು ಎಷ್ಟೋ ಹೊತ್ತು ಕೂತಿದ್ದಳು. ಹೊರಗೆ ಮಳೆ ಹೊಡೆಯುತ್ತಲೇ ಇತ್ತು.

ವರ್ಷದ ಕೊನೆಯಲ್ಲಿ ಕಗೋಯ ಪರೀಕ್ಷೆ ಬರೆದಳು. ಊರು ಬೆರಗಾಗುವ ಅಂಕವೇನೂ ಬರಲಿಲ್ಲ. ಗಣಿತದಲ್ಲಿ ಕೂದಲೆಳೆಯಲ್ಲಿ ಪಾರಾದಳು. ಜಿಂಜಾ ಪಟ್ಟಣದಲ್ಲಿ ಸೂಲಗಿತ್ತಿ ತರಬೇತಿಗೆ ಸೀಟು ಸಿಗಲು ಅಷ್ಟು ಸಾಕಾಯಿತು. ತರಬೇತಿಯವರು ಅಲ್ಲೇ ಉಳಿದುಕೊಳ್ಳಬೇಕು. ಕೂಸು ಊರಲ್ಲಿ ಉಳಿಯಿತು.

ಹೊರಡುವ ದಿನ ಕೂಡುರಸ್ತೆಯಲ್ಲಿ ವ್ಯಾನು ಬಂದು ನಿಂತಾಗ ಕಗೋಯ ಮಗಳನ್ನು ಎತ್ತಿಕೊಂಡು ಮುಖವೆಲ್ಲ ಮುದ್ದಿಟ್ಟಳು. ನಂಗೋಬಿಗೆ ಆಗ ನಡೆಯಲು ಬರುತ್ತಿತ್ತು. ಅಮ್ಮನ ತೋಳಿನಿಂದ ಜಾರಿ, ಪುಟಪುಟ ನಡೆದು ಹೋಗಿ ಸೈಕಲ್ಲಿನ ಚಕ್ರಕ್ಕೆ ಎರಡೂ ಕೈ ಊರಿ ನಿಂತಳು, ಸವಾರಿಗೆ ಹೊತ್ತಾಯಿತು ಅನ್ನುವಂತೆ.

"ನೋಡು, ನನ್ನ ಬಿಟ್ಟು ಹೇಗೆ ಹೋದ್ಲು!" ಅಂದಳು ಕಗೋಯ, ಅಳುತ್ತಲೇ ನಗುತ್ತ.

"ನೀನು ವ್ಯಾನು ಹತ್ತು," ಅಂದ ಬಲಿಕೋವ. "ತಲುಪಿದ ಕೂಡ್ಲೇ ಫೋನ್ ಮಾಡು. ದಿನಾ ಮಾಡು. ಸುಮ್ಮನಿದ್ದುಬಿಡಬೇಡ."