ಗಟ್ಟಿ ಯಾವುದು ಎಂದು ನೀವು ಕೇಳಿದ್ದಿರಿ

ಆ ಬ್ರೇಕ್ ಪ್ಯಾಡುಗಳನ್ನು ಆರಿಸಿದ್ದು ನಾನು, ಹೊನ್ನಪ್ಪನವರೇ — ನೀವಲ್ಲ. ಇದು ನಿಮಗೆ ಗೊತ್ತು, ನನಗೆ ಗೊತ್ತು. ಮೂರನೆಯವರಿಗೆ ಗೊತ್ತಿರಲಿಲ್ಲ, ಗೊತ್ತಾಗದಂತೆ ಏಳು ವರ್ಷ ನೋಡಿಕೊಂಡವಳೂ ನಾನೇ. ನಿಮಗೆ ತಿಳಿದದ್ದನ್ನೂ ಬಿಡದೆ ಬರೆಯುತ್ತಿದ್ದೇನೆ. ಏಕೆಂದರೆ ಇದನ್ನು ನಮ್ಮ ಮನೆಯವರು ಓದಬೇಕು, ನಿಮ್ಮ ಮುಖವನ್ನೇ ಕಾಣದವರೂ ಓದಬೇಕು.

ಕಾರು ವಾಸುಮಾವನದು. ಅವರು ನನ್ನ ತಾಯಿಯ ತಮ್ಮ, ಮದುವೆಯಾಗದೆ ರಾಜಾಜಿನಗರದ ನಮ್ಮ ಮನೆಯಲ್ಲೇ ಇದ್ದವರು. ಕೊಡಗಿನ ಕಾಫಿ ತೋಟವೊಂದನ್ನು ಮಾರಿ ತಾಯ್ನಾಡಿಗೆ ಹೊರಟಿದ್ದ ಇಂಗ್ಲೆಂಡಿನವನೊಬ್ಬನಿಂದ ಅದನ್ನು ಕೊಂಡು ತಂದಿದ್ದರು. ಎರಡೇ ಸೀಟು, ಕ್ಯಾನ್ವಾಸಿನ ಮೇಲ್ಛಾವಣಿ, ಕಡು ಹಸಿರು ಬಣ್ಣ. ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ, ಎದುರು ಮನೆಯ ಅಜ್ಜಿ ಮೊದಲ ದಿನವೇ ಗೇಟಿನ ಬಳಿ ನಿಂತು, “ಇದ್ರಲ್ಲಿ ಕೂತ್ಕೊಳೋದೋ, ಮಲ್ಕೊಳೋದೋ ವಾಸು?” ಎಂದು ಕೇಳಿದ್ದರು. ಸಂಜೆ ಮಾವ ಅದನ್ನು ಹೊರಗೆ ತೆಗೆದರೆ ನಮ್ಮ ಬೀದಿಯ ಸೈಕಲ್ಲುಗಳೆಲ್ಲ ನಿಂತುಬಿಡುತ್ತಿದ್ದವು. ಅಮ್ಮ ಒಮ್ಮೆಯೂ ಹತ್ತಲಿಲ್ಲ. ನಾನು ಎಷ್ಟು ಸಲ ಹತ್ತಿದೆನೋ — ಕಣ್ಣು ಮುಚ್ಚಿದರೆ ಆ ಸೀಟಿನ ಚರ್ಮದ ವಾಸನೆ ಈಗಲೂ ಬರುತ್ತದೆ.

ಆ ವಾಸನೆಯ ಹಿಂದೆಯೇ ನಿಮ್ಮ ಶೆಡ್ಡಿನ ಸೀಮೆಎಣ್ಣೆಯ ವಾಸನೆ. ಹೊಸಹಳ್ಳಿಯ ಅಂಚಿನಲ್ಲಿ, ನಿಮ್ಮ ತಂದೆಯ ರಾಗಿಹೊಲ ಲೇಔಟಿಗೆ ಹೋಗಿ ಉಳಿದ ತುಂಡಿನಲ್ಲಿ, ಹೊಂಗೆಮರದ ಕೆಳಗೆ ತಗಡು ಹೊದಿಸಿ ನೀವು ಕಟ್ಟಿಕೊಂಡ ಶೆಡ್ಡು. ಆಚೆಗೆಲ್ಲ ಸೈಟುಗಳ ಗಡಿಕಲ್ಲು, ಕಲ್ಲುಗಳ ನಡುವೆ ಮೇಯುವ ದನ. ಶನಿವಾರ ಮಧ್ಯಾಹ್ನ ಮಾವನ ಜೊತೆ ನಾನೂ ಬರುತ್ತಿದ್ದೆ. ಮನೆಗೆ ಯಾರಾದರೂ ಬಂದರೆ ಒಳಕೋಣೆಗೆ ಸರಿಯುತ್ತಿದ್ದವಳು ನಿಮ್ಮ ಶೆಡ್ಡಿನಲ್ಲಿ ಮರದ ಪೆಟ್ಟಿಗೆಯ ಮೇಲೆ ಕೂತು ಪ್ರಶ್ನೆ ಕೇಳುತ್ತಿದ್ದೆ. ನೀವು ಕೆಲಸ ನಿಲ್ಲಿಸದೆ, ತಲೆ ಎತ್ತದೆ, ಪ್ರತಿಯೊಂದಕ್ಕೂ ಉತ್ತರ ಹೇಳುತ್ತಿದ್ದಿರಿ. “ಬ್ರೇಕು ಅತ್ತೆ ಇದ್ದಂಗೆ ಅಮ್ಮಾವ್ರೇ. ದಿನಾ ಬೈಬೇಕಾಗಿಲ್ಲ. ಮನೇಲಿದಾರೆ ಅನ್ನೋದು ಸೊಸೆಗೆ ಗೊತ್ತಿದ್ರೆ ಸಾಕು.” ನಾನು ಆಗ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಘರ್ಷಣೆ ಎಂದರೇನೆಂದು ತರಗತಿಗಿಂತ ಹೆಚ್ಚು ಅಲ್ಲಿ ಕಲಿತೆ — ಅಥವಾ ಕಲಿತೆನೆಂದುಕೊಂಡೆ.

ಎಪ್ಪತ್ತಮೂರರಲ್ಲಿ ಪೆಟ್ರೋಲಿನ ಬೆಲೆ ಏರುವುದಕ್ಕೆ ಹಿಂದಿನ ವರ್ಷ ಆ ಕಾರಿನ ಮುಂದಿನ ಬ್ರೇಕ್ ಪ್ಯಾಡುಗಳು ಸವೆದುಹೋದವು. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ನಿಲ್ಲಿಸುವ ಬಿಲ್ಲೆಗಳು ಅವು. ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಬೇರೆ ಗಾಡಿಯ ಬ್ರೇಕಿನ ಲೈನರ್ ಕೊಯ್ದು ಹಳೆಯ ಪ್ಯಾಡಿನ ತಗಡಿಗೆ ಕೂರಿಸಿಕೊಡುತ್ತೇನೆ ಎಂದು ನೀವು ಹೇಳಿದಿರಿ. ಮಾವ ಒಪ್ಪದೆ ಇಂಗ್ಲೆಂಡಿನಲ್ಲಿದ್ದ ಗೆಳೆಯರಿಗೆ ಬರೆದರು. ಪಾರ್ಸಲ್ ಬಂದಾಗ ಮಾವ ಕಾರ್ಖಾನೆಯ ಕೆಲಸದ ಮೇಲೆ ಭದ್ರಾವತಿಗೆ ಹೋಗಿದ್ದರು. ಬಂದ ಕೂಡಲೆ ಹಾಕಿಬಿಡು ಎಂದು ನಿಮಗೆ ಮೊದಲೇ ಹೇಳಿದ್ದರಿಂದ, ನೀವು ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದಿರಿ.

ವರಾಂಡದಲ್ಲಿ ನಾನು ಪಾರ್ಸಲ್ ಬಿಚ್ಚಿದೆ. ಕೇಳಿದ್ದು ಒಂದು ಡಬ್ಬ, ಬಂದದ್ದು ಎರಡು. ಗೆಳೆಯರು ಪ್ರೀತಿಯಿಂದ ಇನ್ನೊಂದು ಬಗೆಯದನ್ನೂ ಸೇರಿಸಿದ್ದರು. ಎರಡಕ್ಕೂ ಸೇರಿ ಒಂದೇ ಇಂಗ್ಲಿಷ್ ಹಾಳೆ. ನೀವು ಎರಡೂ ಡಬ್ಬದಿಂದ ಒಂದೊಂದು ಪ್ಯಾಡ್ ತೆಗೆದು, ಕೈಯಲ್ಲಿ ತೂಗಿ, ಉಗುರಿನಿಂದ ಗೀರಿ ನೋಡಿದಿರಿ.

“ಇದ್ರಲ್ಲಿ ಯಾವ್ದು ಗಟ್ಟಿ, ಸ್ವಲ್ಪ ಓದಿ ಹೇಳಿ ಅಮ್ಮಾವ್ರೇ.”

ನಾನು ಹಾಳೆಯ ಮೇಲೆ ಕಣ್ಣಾಡಿಸಿದೆ. ಒಂದರ ವಿವರದಲ್ಲಿ ‘ಹಾರ್ಡ್’ ಎಂಬ ಪದವಿತ್ತು. ಅದರ ಕೆಂಪು ಡಬ್ಬ ತೋರಿಸಿದೆ.

ನೀವು ಒಪ್ಪಲಿಲ್ಲ. ಇನ್ನೊಂದನ್ನೇ ಬೆರಳಲ್ಲಿ ತಿರುಗಿಸುತ್ತಾ, “ಇದು ಒಸಿ ಮೆತ್ಗಿದೆ. ನಮ್ ರೋಡಿಗೆ ಇದೇ ಹಿಡೀತದೆ ಅನ್ಸುತ್ತೆ,” ಎಂದಿರಿ.

ಆಗ ನಾನು ಆಡಿದ ಮಾತು — “ಅನ್ಸೋದಲ್ಲ ಹೊನ್ನಪ್ಪ. ಇಂಗ್ಲಿಷಲ್ಲಿ ಬರೆದಿದೆ. ಇದೇ ಗಟ್ಟಿ.”

ನೀವು ಕೈಯಲ್ಲಿದ್ದ ಪ್ಯಾಡನ್ನು ಅದರ ಡಬ್ಬಕ್ಕೆ ಮರಳಿ ಹಾಕಿದಿರಿ. ಬರೆದಿದೆ ಎಂದ ಮೇಲೆ ಏನು ಹೇಳಬಲ್ಲಿರಿ? ಕೆಂಪು ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು, ಅಮ್ಮ ಕೊಟ್ಟ ಕಾಫಿ ಕುಡಿದು, ಕಾರು ತೆಗೆದುಕೊಂಡು ಹೊರಟಿರಿ. ಇನ್ನೊಂದು ಡಬ್ಬ ನನ್ನ ಬಳಿ ಉಳಿಯಿತು.

ನೀವು ಕೇಳಿದ ‘ಗಟ್ಟಿ’ ಯಾವುದೆಂದು ಈಗ ನನಗೆ ತಿಳಿಯುತ್ತದೆ. ಸಂಬಂಧ ಗಟ್ಟಿ, ಆಳು ಗಟ್ಟಿ, ಹಗ್ಗ ಗಟ್ಟಿ ಎನ್ನುತ್ತೇವಲ್ಲ, ಆ ಗಟ್ಟಿ — ನಂಬಬಹುದಾದದ್ದು, ಕೈಕೊಡದೆ ಇರುವಂಥದ್ದು. ನಾನು ಹೇಳಿದ್ದು ಕಲ್ಲಿನ ಗಟ್ಟಿ. ನಿಘಂಟು ನೋಡಿದರೆ ನನ್ನದು ತಪ್ಪಲ್ಲ. ಇಷ್ಟೇ ಆಗಿದ್ದರೆ ಇದು ಪದವೊಂದರ ಎಡವಟ್ಟು. ಆದರೆ ಹಾಳೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಅದನ್ನು ಓದದೆಯೇ ನಾನು ಮಡಚಿದ್ದೆ. ಓದಿದ್ದೇನೆ ಎಂಬ ಗತ್ತಿನಲ್ಲಿ ನಿಮ್ಮ ಬೆರಳಿಗೆ ತಿಳಿದದ್ದನ್ನು ತಳ್ಳಿಹಾಕಿದ್ದೆ.

ನೀವು ಕೆಲಸದಲ್ಲಿ ಏನೂ ಬಿಡಲಿಲ್ಲ. ಪ್ಯಾಡು ಹಾಕಿ, ಮಾಗಡಿ ರಸ್ತೆಯಲ್ಲಿ ಹೋಗಿ ಬಂದು, ಮತ್ತೆ ಮತ್ತೆ ಬ್ರೇಕ್ ಒತ್ತಿ ನೋಡಿದಿರಿ. ಮೊದಮೊದಲು ಜಾರಿತು, ಹೊಸದು ಕೂರುವತನಕ ಹಾಗೇ, ಆಮೇಲೆ ಚೆನ್ನಾಗಿ ಹಿಡಿಯಿತು ಎಂದು ಕಾರು ತಂದು ಬಿಟ್ಟಾಗ ನನಗೇ ಹೇಳಿದಿರಿ. ಹಿಡಿಯದೆ ಏನು — ಅಷ್ಟು ಸಲ ಒತ್ತಿದ್ದಕ್ಕೆ ಅವು ಬಿಸಿಯೇರಿದ್ದವು.

ಮಾವ ಊರಿಂದ ಬಂದ ಮರುದಿನ ಬೆಳಿಗ್ಗೆ, ಡಿಸೆಂಬರಿನ ಚಳಿಯಲ್ಲಿ, ಮಫ್ಲರ್ ಸುತ್ತಿಕೊಂಡು ಕಾರು ತೆಗೆದರು. ನಮ್ಮ ಬೀದಿ ಇಳಿಜಾರಾಗಿ ಮುಖ್ಯರಸ್ತೆಗೆ ಸೇರುತ್ತದೆ. ಅಲ್ಲಿ ಹುಲ್ಲಿನ ಗಾಡಿಯೊಂದು ಅಡ್ಡ ಬರುತ್ತಿತ್ತು. ಮಾವ ಬ್ರೇಕ್ ಒತ್ತಿದರು, ಕಾರು ನಿಲ್ಲಲಿಲ್ಲ. ಎತ್ತುಗಳನ್ನು ತಪ್ಪಿಸಲು ತಿರುಗಿಸಿದ್ದಕ್ಕೆ ಮೂಲೆಮನೆಯ ಕಲ್ಲುಕಂಬಕ್ಕೆ ಬಡಿಯಿತು. ಗೇಟಿನಲ್ಲಿ ನಿಂತಿದ್ದ ನನಗೆ ಶಬ್ದ ಮಾತ್ರ ಕೇಳಿತು. ಮಾವನ ಬಲಮಂಡಿ ಆ ಬೆಳಿಗ್ಗೆಯ ನಂತರ ಪೂರ್ತಿ ಮಡಚಲು ಬಂದಿಲ್ಲ.

ಆ ಮಧ್ಯಾಹ್ನ ಆಸ್ಪತ್ರೆಯಿಂದ ಮನೆಗೆ ಬಂದು ಹಾಳೆಯನ್ನು ಕೊನೆಯವರೆಗೂ ಓದಿದೆ. ಕೆಂಪು ಡಬ್ಬದವು ಪಂದ್ಯದ ಕಾರುಗಳಿಗೆ. ಬಿಸಿಯಾಗುವತನಕ ಅವು ಸರಿಯಾಗಿ ಹಿಡಿಯುವುದಿಲ್ಲ. ದಿನನಿತ್ಯದ ಓಡಾಟಕ್ಕೆ ಬಳಸಬಾರದು. ಸ್ಪಷ್ಟವಾದ, ಸುಲಭವಾದ ಇಂಗ್ಲಿಷ್. ಹಾಳೆಯನ್ನೂ ಉಳಿದ ಡಬ್ಬವನ್ನೂ ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗಿಟ್ಟು ಬೀಗ ಹಾಕಿದೆ. ಗಾಬರಿಯಲ್ಲಿ ಮಾಡಿದ್ದಲ್ಲ ಅದು. ಬೀಗ ಸರಿಯಾಗಿ ಬಿತ್ತೇ ಎಂದು ಎಳೆದೂ ನೋಡಿದೆ.

ಮರುದಿನ ನೀವು ವಾರ್ಡಿಗೆ ಬಂದಿರಿ. ನಾನು ಹಾಸಿಗೆಯ ಪಕ್ಕದಲ್ಲಿ ಫ್ಲಾಸ್ಕಿನಿಂದ ಗಂಜಿ ಬಗ್ಗಿಸುತ್ತಿದ್ದೆ. ಮಾವ ನೋವಿನಲ್ಲಿದ್ದರು.

“ಏನ್ ಮಾಡ್ದೆ ಹೊನ್ನಪ್ಪ? ಪ್ಯಾಡಿಗೆ ಗ್ರೀಸ್ ತಾಗ್ಸಿದ್ಯಾ?”

ನೀವು ನನ್ನ ಕಡೆ ನೋಡಿದಿರಿ — ಒಂದೇ ಸಲ. ಹೇಳಲಿ ಎಂದು ಕಾದಿರೋ, ಹೇಳಬೇಡಿ ಎಂದಿರೋ... ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಲೋಟವನ್ನೇ ನೋಡುತ್ತಿದ್ದೆ.

“ಹಾಕಿದ್ದು ನಾನೇ ಸಾರ್,” ಎಂದಿರಿ.

ಅದು ಸುಳ್ಳಲ್ಲ. ಸುಳ್ಳಲ್ಲದ ಆ ಮಾತಿನ ಹಿಂದೆ ನಾನು ಬಚ್ಚಿಟ್ಟುಕೊಂಡೆ.

ಮಾವನ ಮಾತು ಕೇಳಿ ತಮ್ಮ ಸ್ಕೂಟರು, ಕಾರುಗಳನ್ನು ನಿಮ್ಮಲ್ಲಿಗೆ ತರುತ್ತಿದ್ದವರು ಮಾವನ ಮಾತು ಕೇಳಿಯೇ ಬಿಟ್ಟುಹೋದರು. ಮುಂದಿನ ದೀಪಾವಳಿಯ ಹೊತ್ತಿಗೆ ಶೆಡ್ಡಿಗೆ ಬೀಗ ಬಿದ್ದಿತ್ತು. ನೀವು ಕೆಂಗೇರಿಯ ಲಾರಿ ವರ್ಕ್‌ಶಾಪಿಗೆ ಕೂಲಿಗೆ ಸೇರಿದಿರಿ ಎಂದು ಯಾರೋ ಹೇಳಿದರು. ನಮ್ಮ ಮನೆಯಲ್ಲಿ ಮಾತ್ರ ನಿಮ್ಮ ಹೆಸರು ಉಳಿಯಿತು — ಹೇಗೆ ಎಂದು ಬರೆಯಲು ಕೈ ಬರುವುದಿಲ್ಲ, ಬರೆಯುತ್ತೇನೆ. ಹೊಲಿದ ಗುಂಡಿ ಕಿತ್ತುಬಂದರೆ, ಅಂಟಿಸಿದ ಹಿಡಿ ಕಳಚಿದರೆ, “ಇದು ಹೊನ್ನಪ್ಪ ರಿಪೇರಿ” ಎನ್ನುವುದು ರೂಢಿಯಾಯಿತು. ಮೊದಲು ಮಾವ ಹೇಳಿದರು, ಆಮೇಲೆ ಎಲ್ಲರೂ. ಎಲ್ಲರ ಜೊತೆ ನಾನೂ ನಕ್ಕಿದ್ದೇನೆ. ನಗದಿದ್ದರೆ ಯಾಕೆ ಎಂದು ಕೇಳುತ್ತಿದ್ದರು.

ಎರಡು ವರ್ಷದ ಹಿಂದೆ ಕೆಂಗೇರಿ ಬಸ್‌ಸ್ಟಾಪಿನಲ್ಲಿ ನೀವು ಸಿಕ್ಕಿದಿರಿ. ನಾನಾಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ತೊಳೆದರೂ ಹೋಗದ ಮಸಿಯ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, “ಸಾರ್ ಕಾಲು ಹೆಂಗಿದೆ ಅಮ್ಮಾವ್ರೇ?” ಎಂದು ಕೇಳಿದಿರಿ. “ಪರವಾಗಿಲ್ಲ,” ಎಂದೆ. ಬಸ್ ಬಂತು, ಹತ್ತಿದೆ. ನಿಮ್ಮ ಕೆಲಸ ಹೇಗಿದೆ ಎಂದು ಕೂಡ ಕೇಳಲಿಲ್ಲ.

ಹೋದ ತಿಂಗಳು ಅಕ್ಕನ ಮಗಳು ಸುಮಾ, ಐದು ವರ್ಷದವಳು, ಕೈ ಕಳಚಿದ ಗೊಂಬೆ ಹಿಡಿದು ಬಂದಳು. “ಹೊನ್ನಪ್ಪ ರಿಪೇರಿ ಆಗೋಯ್ತು,” ಎಂದಳು. ಆಮೇಲೆ ನನ್ನ ಮಡಿಲಿಗೆ ಒರಗಿ, “ಹೊನ್ನಪ್ಪ ಅಂದ್ರೆ ಏನು ಚಿಕ್ಕಮ್ಮ?” ಎಂದು ಕೇಳಿದಳು.

ಯಾರು ಎಂದು ಕೇಳಲಿಲ್ಲ. ಏನು ಎಂದು ಕೇಳಿದಳು.

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಕೂತಿದ್ದಾಗ ಡಬ್ಬವನ್ನೂ ಹಾಳೆಯನ್ನೂ ತಂದು ಮಾವನ ಮುಂದಿಟ್ಟು, ನಡೆದದ್ದನ್ನು ಹೇಳಿದೆ. ಮಾವ ಕನ್ನಡಕ ಹಾಕಿಕೊಂಡು ಹಾಳೆಯನ್ನು ಕೊನೆಯ ಸಾಲಿನವರೆಗೂ ಓದಿದರು. ಬೈಯಲಿಲ್ಲ. “ನನ್ನ ಕಾಲಿಗೇನೋ ಆಯ್ತು ಬಿಡು. ಅವನು ಯಾಕೆ ಬಾಯಿ ಬಿಡಲಿಲ್ಲ ಕಣೇ?” ಎಂದರು. ಆಮೇಲೆ ತಮಗೆ ತಾವೇ, “ನಾನು ಕೇಳಿದ್ರೆ ತಾನೇ,” ಎಂದರು. ಅಮ್ಮ ಎದ್ದು ಒಳಗೆ ಹೋದರು.

ಕೆಂಗೇರಿಗೆ ಬಂದು ಕ್ಷಮಿಸಿ ಎಂದರೆ, ಪರವಾಗಿಲ್ಲ ಬಿಡಿ ಅಮ್ಮಾವ್ರೇ ಎನ್ನುತ್ತೀರಿ. ನಿಮ್ಮಿಂದ ಅಷ್ಟನ್ನೂ ತೆಗೆದುಕೊಂಡು ಹಗುರಾಗುವುದು ನನಗೆ ಬೇಡ. ಹೆಸರು ಕೆಟ್ಟ ಜಾಗದಲ್ಲಿ ಮೊದಲು ಹೇಳಬೇಕು. ಮಾವನಿಂದ ನಿಮ್ಮ ಹಳೆಯ ಗಿರಾಕಿಗಳ ವಿಳಾಸ ಕೇಳಿ ಬರೆದುಕೊಂಡೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಸೇರಿ ಹನ್ನೊಂದು ಮನೆ. ಗೊತ್ತಿಲ್ಲದವರ ಬಾಗಿಲು ತಟ್ಟಿ ನನಗೆ ಅಭ್ಯಾಸವಿಲ್ಲ. ಮೊದಲ ಮನೆಯ ಗೇಟಿನ ಮುಂದೆ ಎರಡು ಸಲ ಹೋಗಿ ಹಿಂದೆ ಬಂದೆ. ಮೂರನೆಯ ಸಲ ಒಳಗೆ ಹೋಗಿ ಹೇಳಿದೆ. ಅವರು ಪೂರ್ತಿ ಕೇಳಿ, ನನ್ನನ್ನು ಕೂರಲೂ ಹೇಳದೆ ಕಳಿಸಿದರು. ಅದು ಸರಿಯಾಗಿಯೇ ಇತ್ತು. ಎರಡನೆಯ ಮನೆಯ ಯಜಮಾನರು ತೀರಿಕೊಂಡಿದ್ದರು. ಅವರ ಹೆಂಡತಿಗೆ ಹೇಳಿದೆ.

ನಿನ್ನೆ ಮೂರನೆಯ ಮನೆ. ಬಾಗಿಲು ತೆರೆದವರು ನಿಮ್ಮ ಹೆಸರು ಕೇಳಿ, “ಯಾವ ಹೊನ್ನಪ್ಪ?” ಎಂದರು.

ಮೊದಲಿನಿಂದ ಹೇಳಿದೆ.