ಬುಷ್ ಕೊಡಲೊಲ್ಲದ ಅಂಗಡಿಯವರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಯಾವ ಕಾಲದಲ್ಲೋ ಜೀಪಿನ ಸ್ಪ್ರಿಂಗ್ ಪಟ್ಟಿಯ ಕೆಳಗೆ ಸಿಕ್ಕಿ ಒಡೆದದ್ದು ಮತ್ತೆ ಕೂಡಿರಲಿಲ್ಲ. ಎರಡು ಹೋಳಾಗಿಯೇ ಬೆಳೆದು, ಹಳದಿಗಟ್ಟಿ, ಕೊಂಬಿನಷ್ಟು ಗಟ್ಟಿಯಾಗಿತ್ತು. ಆ ಉಗುರನ್ನು ಅವರು ರಬ್ಬರಿನ ಮೇಲೆ ಒತ್ತಿ ಎತ್ತಿ, ಗುರುತು ಮಾಯವಾಗುವುದನ್ನು ಕಣ್ಣು ಕಿರಿದು ಮಾಡಿಕೊಂಡು ಕಾಯುತ್ತಿದ್ದರು. ಗುರುತು ಬೇಗ ತುಂಬಿಕೊಂಡರೆ ಮಾಲು ಗಿರಾಕಿಯ ಕೈಗೆ ಬರುತ್ತಿತ್ತು. ಹಾಗೇ ಉಳಿದರೆ, ಡಬ್ಬದ ಮೇಲೆ ಯಾವ ದೊಡ್ಡ ಹೆಸರೇ ಇರಲಿ, ಹಿಂದಿನ ಮೂಲೆಗೆ ಎಸೆದುಬಿಡುತ್ತಿದ್ದರು.

"ಕಲ್ಲಾಗೈತೆ. ಬಚ್ಚಲಿಗೆ ಹಾಸ್ಕಳಿ," ಎನ್ನುತ್ತಿದ್ದರು.

ಸಕಲೇಶಪುರದಲ್ಲಿ ಹೊಳೆಯ ಕಡೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿ ಅವರ ಸ್ಪೇರ್ ಪಾರ್ಟ್ಸ್ ಅಂಗಡಿಯಿತ್ತು. ಮಗ್ಗೆ ಕಡೆಯವರು. ಅಣ್ಣತಮ್ಮಂದಿರು ಊರಿನಲ್ಲಿ ಶುಂಠಿ ಹಾಕಿ ಮನೆ ಕಟ್ಟಿದರು, ಇವರು ಪೇಟೆಗೆ ಬಂದು ರಬ್ಬರು ಹಿಡಿದು ಕೂತರು. ಜೀಪು, ಟ್ರ್ಯಾಕ್ಟರ್, ಹಳೆಯ ಕಾರು, ಯಾವುದಕ್ಕೆ ಏನು ಬೇಕಾದರೂ ಅಲ್ಲಿ ಸಿಗುತ್ತಿತ್ತು. ಸಿಗುತ್ತಿತ್ತು ಎಂದರೆ, ಅವರಿಗೆ ಕೊಡುವ ಮನಸ್ಸು ಬಂದರೆ.

ಅವರಿಗೆ ಗಿರಾಕಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಎಸ್ಟೇಟಿನ ಮಾಲೀಕರು ಬಂದು ಏನಾದರೂ ಕೇಳಿದರೆ, "ನಿಮ್ ಡ್ರೈವರ್ನ ಕಳ್ಸಿ, ನಿಮಗದು ತಿಳಿಯಾಕಿಲ್ಲ" ಎಂದು ಮುಖಕ್ಕೇ ಹೇಳುತ್ತಿದ್ದರು. ಡ್ರೈವರ್ ಬಂದರೆ ಅವನಿಗೂ ಬೇರೆ ರೀತಿಯ ಮಂಗಳಾರತಿ. ಬೈಯುವುದರಲ್ಲಿ ಅವರು ಮೇಲುಕೀಳು ನೋಡಿದವರಲ್ಲ. ತಾವೇ ತಪ್ಪಿದಾಗ ಮಾತ್ರ ಒಪ್ಪಿಕೊಳ್ಳುತ್ತಿರಲಿಲ್ಲ. ಒಮ್ಮೆ ಯಾರಿಗೋ ಟಿಲ್ಲರಿನ ತಪ್ಪು ಸಾಮಾನು ಕೊಟ್ಟು, ಆತ ತಿರುಗಿ ತಂದಾಗ, "ನಿನ್ ಟಿಲ್ಲರ್ರೇ ತಪ್ಪೈತೆ" ಎಂದು ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ನಮ್ಮನೆಯವರಿಗೆ ಇಂಥವರ ಅಂಗಡಿಯೇ ಬೇಕಾಗಿತ್ತು. ಹೊಂಗಡಹಳ್ಳದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮನೆಯವರು ಯಾರೋ ಪ್ಲಾಂಟರು ಓಡಿಸಿ ಬಿಟ್ಟ ಒಂದು ರ್‍ಯಾಲಿ ಕಾರನ್ನು ತಂದರು. ಎರಡೇ ಬಾಗಿಲು, ಭಾರಿ ಸದ್ದು, ಒಳಗೆ ಕೂತರೆ ಮೊಣಕಾಲು ಗಲ್ಲಕ್ಕೆ ತಾಗಬೇಕು. ಅದರ ಕಂಪನಿ ಅದನ್ನು ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಗೊಬ್ಬರದ ಮೂಟೆ ತರಲು ಬಾರದ, ಕೂಲಿಯವರನ್ನು ಕರೆತರಲು ಬಾರದ ಆ ಗಾಡಿಯ ಮೇಲೆ ಅವರಿಗಿದ್ದ ಪ್ರೀತಿಯನ್ನು ನಾನು ಕಂಡೂ ಕಾಣದಂತಿದ್ದೆ.

ಆ ಗಾಡಿಗೆ ಪದೇ ಪದೇ ಹೋಗುತ್ತಿದ್ದದ್ದು ಬುಷ್. ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಕಬ್ಬಿಣದ ತೋಳು ಇರುತ್ತದಲ್ಲ, ಅದರ ಬುಡದಲ್ಲಿ ಕೂರುವ ದಪ್ಪ ರಬ್ಬರ್ ಬಳೆ ಅದು. ಅದು ಹರಿದರೆ ಪ್ರತಿ ಗುಂಡಿಗೂ ಕಟಕಟ ಸದ್ದು. ಮೊದಲ ಸಲ ನಮ್ಮನೆಯವರು ಬರಿಗೈಯಲ್ಲಿ ಅಂಗಡಿಗೆ ಹೋಗಿ ಗಾಡಿಯ ಹೆಸರು ಹೇಳಿ ಬುಷ್ ಕೇಳಿದರು.

"ಹಳೇದೆಲ್ಲಿ?"

"ಮನೇಲಿದೆ ಅಣ್ಣ."

"ಹೆಣ ಮನೇಲಿ ಬುಟ್ಟು ಪೋಸ್ಟ್‌ಮಾರ್ಟಮ್ ಮಾಡ್ಸಕ್ಕೆ ಬಂದವ್ನೆ ನೋಡು! ಹೋಗಿ ತಗಂಬಾ ಮಾರಾಯ."

ಮರುದಿನ ಹಳೆಯದನ್ನು ಒಯ್ದರು, ನಾನೂ ಜೊತೆಗಿದ್ದೆ. ಅಂಗಡಿಯವರು ಎರಡು ಹಳೇ ಬುಷ್ಷುಗಳನ್ನೂ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಎಡಗಡೇದೇ ಜಾಸ್ತಿ ಸತ್ತೈತೆ. ಎದುರಿಂದ ಲಾರಿ ಬಂದ್ರೆ ನೀನು ರಸ್ತೆ ಬುಟ್ಟು ಎಡಕ್ಕೆ ಚರಂಡಿಗೆ ಇಳೀತೀಯ. ರ್‍ಯಾಲಿ ಮಾಡೋನಂತೆ!"

ನಾನು ನಕ್ಕುಬಿಟ್ಟೆ. ಅದು ನಿಜವಾಗಿತ್ತು.  ಅಂದು ಊರು ಮುಟ್ಟುವವರೆಗೆ ನಮ್ಮನೆಯವರು, ಎದುರಿಗೆ ಲಾರಿ ಬಂದಾಗಲೆಲ್ಲ ಹಟ ಹಿಡಿದು ಟಾರಿನ ಮೇಲೇ ಉಳಿದು ನನ್ನ ಜೀವ ತೆಗೆದರು.

ನಮ್ಮನೆಯವರು ತೀರಿಕೊಂಡದ್ದು ಇಲಿಜ್ವರದಿಂದ. ಆರು ದಿನ ಮಲಗಿದ್ದರು, ಏಳನೆಯ ದಿನ ಇರಲಿಲ್ಲ. ಆಗ ಮಗಳಿಗೆ ನಾಲ್ಕು ವರ್ಷ. ಇಲಿಜ್ವರದಲ್ಲಿ ಹೇಳಿಕೊಳ್ಳುವಂಥ ಶೌರ್ಯವೇನೂ ಇಲ್ಲ. ಆದರೆ ಅವರ ರ್‍ಯಾಲಿ ಗೆಳೆಯರು ತಿಥಿಗೆ ಬಂದು ಕೂತು, ಅವರು ಯಾವುದೋ ತಿರುವಿನಲ್ಲಿ ನೂರಿಪ್ಪತ್ತರ ವೇಗದಲ್ಲಿ ಸತ್ತವರೇನೋ ಎಂಬಂತೆ ಮಾತಾಡಿದರು. ಅವರಲ್ಲಿ ಮೂರು ಎಸ್ಟೇಟುಗಳಿರುವ ಮನೆಯ ಮಗನೊಬ್ಬನಿದ್ದ. ಕಪ್ಪು ಕನ್ನಡಕವನ್ನು ಕಣ್ಣಿಗೆ ಹಾಕದೆ ತಲೆಯ ಮೇಲೆ ಏರಿಸಿಕೊಂಡೇ ಇರುವವನು. ಎಡೆಯ ಮುಂದೆ ಕೈಮುಗಿಯುವಾಗಲೂ ಅದು ಅಲ್ಲೇ ಇತ್ತು. "ಅತ್ತಿಗೆ, ನಮ್ಮಣ್ಣ ಎಲ್ಲೂ ಹೋಗಿಲ್ಲ, ಆ ಗಾಡಿಯಲ್ಲೇ ಇದಾರೆ," ಎಂದ. ಗಾಡಿಯಲ್ಲಿ ಇದ್ದದ್ದು ಇಲಿಗಳು, ಸೀಟಿನ ಸ್ಪಂಜನ್ನು ಕಿತ್ತು ಗೂಡು ಕಟ್ಟಿದ್ದವು.

ಎಂಟು ತಿಂಗಳ ನಂತರ ಆತ ಮತ್ತೆ ಬಂದ. ವರ್ಷದ ತಿಥಿಯ ಹೊತ್ತಿಗೆ ಅಣ್ಣನ ನೆನಪಿಗೆ ಅದೇ ಗಾಡಿಯನ್ನು ರ್‍ಯಾಲಿಗೆ ಇಳಿಸುತ್ತೇವೆ, ನಾನೇ ಓಡಿಸುತ್ತೇನೆ, ಮೇಲೆ ಅಣ್ಣನ ಹೆಸರಿನ ಸ್ಟಿಕ್ಕರ್ ಅಂಟಿಸುತ್ತೇವೆ ಎಂದ. ನಾನು ಒಪ್ಪಿದೆ. ಆ ಎಂಟು ತಿಂಗಳಲ್ಲಿ ಎಲ್ಲರೂ ನನ್ನ ಮುಂದೆ ದನಿ ತಗ್ಗಿಸಿ, ತಲೆ ಓರೆ ಮಾಡಿ, ಅವರ ಹೆಸರೆತ್ತದೆ ಮಾತಾಡುತ್ತಿದ್ದರು. ಈ ಮನುಷ್ಯ ಆ ಹೆಸರನ್ನು ಗಟ್ಟಿಯಾಗಿ ಹೇಳಿದ. ನನಗೆ ಅಷ್ಟೇ ಸಾಕಾಗಿತ್ತು.

ಗಾಡಿಗೆ ಕೆಂಪು ಬಣ್ಣ ಹೊಡೆಸಿದರು. ಬೆಂಗಳೂರಿನಿಂದ ಗಟ್ಟಿ ಬುಷ್ಷುಗಳನ್ನು ತರಿಸಿದರು. ಅವು ರಬ್ಬರಲ್ಲ, ಬಳೆ ಅಂಗಡಿಯ ಮಾಲಿನಂತೆ ಥಳಥಳ ಹೊಳೆಯುವ ಯಾವುದೋ ಕೆಂಪು ಪ್ಲಾಸ್ಟಿಕ್ಕು. ಕೂರಿಸಲು ಉದ್ದನೆಯ ಬೋಲ್ಟು ಬೇಕಾಗಿತ್ತು. ನಾನಿದ್ದರೆ ಬೈಗುಳ ಕಡಿಮೆಯಾದೀತೆಂದು ಆತ ನನ್ನನ್ನೂ ಅದೇ ಗಾಡಿಯಲ್ಲಿ ಕೂರಿಸಿಕೊಂಡು ಅಂಗಡಿಗೆ ಬಂದ.

ಅಂಗಡಿಯವರು ಕೆಂಪು ಬುಷ್ಷಿನ ಮೇಲೆ ಉಗುರೊತ್ತಿದರು. ಗುರುತೇ ಬೀಳಲಿಲ್ಲ.

"ಇದು ಯಾವ ರೇಸ್ ಮೈದಾನಕ್ಕೆ?"

"ಇಲ್ಲೇ ಬಿಸಿಲೆ ರೋಡಲ್ಲಿ ಪ್ರಾಕ್ಟೀಸು ಅಣ್ಣ. ಇದು ಹಾಕಿದ್ರೆ ಸ್ಟೇರಿಂಗು ಬ್ಲೇಡ್ ತರ ಇರುತ್ತೆ."

"ಬ್ಲೇಡ್ ಬೇಕು ಅಂದ್ರೆ ಕಟಿಂಗ್ ಶಾಪು ಆಚೆ ಬೀದೀಲೈತೆ."

"ಒಳ್ಳೇ ಮಾಲು ಅಣ್ಣ ಇದು."

"ಕೆಟ್ಟದ್ದು ಅಂತ ನಾನೆಲ್ಲಂದೆ? ಹೊಸ ಗಾಡಿಗೆ, ಕನ್ನಡಿ ಹಂಗಿರೋ ರಸ್ತೇಲಿ ಹಾಕು, ಕುಣೀತದೆ. ಇದು ಇಪ್ಪತ್ತು ಮಳೆಗಾಲ ಕಂಡಿರೋ ಗಾಡಿ. ಗುಂಡಿ ಏಟು ಎಲ್ಲಿಗಾದ್ರೂ ಹೋಗ್ಬೇಕಲ್ಲ? ರಬ್ಬರಿದ್ರೆ ರಬ್ಬರ್ ತಿಂತದೆ. ರಬ್ಬರ್ ಹರೀಲಿ ಅಂತ್ಲೇ ಇಟ್ಟಿರೋದು ಕಣಯ್ಯ. ಇದು ತಿನ್ನಾಕಿಲ್ಲ, ಸೀದಾ ಗಾಡಿ ಮೈಗೆ ದಾಟಿಸ್ತದೆ. ಆ ಮೈ ಹೆಂಗೈತೆ ಅಂತ ಬಗ್ಗಿ ನೋಡಿದ್ದೀಯಾ?"

"ಫುಲ್ ಪೇಂಟ್ ಮಾಡ್ಸಿದೀವಿ ಅಣ್ಣ."

"ಹೆಣಕ್ಕೂ ಸ್ನಾನ ಮಾಡುಸ್ತಾರೆ."

ಅಂಗಡಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಕನ್ನಡಕದವನು, "ಅತ್ತಿಗೆ ಎದುರಿಗೆ ಹಿಂಗೆಲ್ಲ ಮಾತಾಡ್ಬೇಡಿ," ಎಂದ.

"ಅವಳ ಎದುರಿಗೇ ಆಡ್ಬೇಕು. ಗಾಡಿ ಅವಳ್ದು. ಏನಮ್ಮ, ನೀನೇನಂತೀಯ?"

"ರ್‍ಯಾಲಿಗೆ ಇಳಿಸ್ಬೇಕು ಅಂತ ಅವರಿಗೆ ಆಸೆ ಇತ್ತಣ್ಣ," ಎಂದೆ.

"ಸತ್ತೋನ ಆಸೆ ಸತ್ತೋನ ಜೊತೆ ಹೋಯ್ತು. ಈಗ ಓಡ್ಸೋನು ಇವ್ನು. ಆ ರಸ್ತೇಲಿ ತೋಟದ ಕೆಲ್ಸ ಮುಗ್ಸಿ ಕೂಲಿ ಲೈನಿಗೆ ಹೋಗೋ ಹೆಂಗಸ್ರು ನಡೀತಾರೆ. ಚಕ್ರ ಕಿತ್ಕಂಡು ಹೋದ್ರೆ ಅವ್ರ ಮೈ ಮೇಲೇ ಹೋಗೋದು. ನಿನ್ ಗಂಡನ ಸ್ಟಿಕ್ಕರ್ ಮೇಲೆ ಹೋಗಾಕಿಲ್ಲ."

ಸತ್ತೋನು. ಎಂಟು ತಿಂಗಳಲ್ಲಿ ಆ ಮಾತನ್ನು ನನ್ನೆದುರು ಯಾರೂ ಆಡಿರಲಿಲ್ಲ. ಹೋದರು, ದೇವರ ಪಾದ ಸೇರಿದರು, ನಮ್ಮನ್ನು ಅಗಲಿದರು, ಇಷ್ಟೇ. ನನಗೆ ಸಿಟ್ಟು ಬಂತು. ಎದ್ದು ಹೊರಡಬೇಕೆನ್ನುವಷ್ಟರಲ್ಲಿ ಅವರೇ ಒಂದು ಉದ್ದನೆಯ ಸ್ಕ್ರೂಡ್ರೈವರ್ ಮತ್ತು ಗೋಣಿಚೀಲ ಹಿಡಿದು ಬೀದಿಗಿಳಿದರು. ಬಿಳಿ ಪಂಚೆ, ಬಿಳಿ ಅಂಗಿ. ಗೋಣಿ ಹಾಸಿ, ಅಷ್ಟು ಜನರ ಮುಂದೆ ಆ ವಯಸ್ಸಿನ ಮನುಷ್ಯ ಗಾಡಿಯ ಕೆಳಗೆ ಮೈ ತೂರಿಸಿದರು. ಹೊಸ ಬಣ್ಣದ ಹಿಂದೆ, ತೋಳು ಬಂದು ಗಾಡಿಯ ಮೈ ಸೇರುವ ಕಡೆ ಎಲ್ಲೋ ಕುಟ್ಟಿದ ಸದ್ದು ಕೇಳಿತು. ಆಮೇಲೆ ಸದ್ದು ನಿಂತಿತು.

"ಬಾಮ್ಮ ಇಲ್ಲಿ. ನೀನೇ ಚುಚ್ಚು."

ಗಂಡ ಸತ್ತು ವರ್ಷ ತುಂಬದ ಹೆಂಗಸು ನಾನು, ನಡುಬೀದಿಯಲ್ಲಿ ಸೆರಗು ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು ಗಾಡಿಯ ಕೆಳಗೆ ಕೈ ಹಾಕಿದೆ. ಅವರು ತೋರಿಸಿದ ಕಡೆ ಸ್ಕ್ರೂಡ್ರೈವರ್ ಊರಿದೆ. ಕಬ್ಬಿಣವಲ್ಲವೇ, ತಡೆಯುತ್ತದೆ ಎಂದುಕೊಂಡಿದ್ದೆ. ಅದು ಕಳಿತ ಹಲಸಿನ ಹಣ್ಣಿಗೆ ಹೋದಂತೆ ಹಿಡಿಯವರೆಗೂ ಹೋಯಿತು. ಕಂದು ಬಣ್ಣದ ಹೊಟ್ಟು ನನ್ನ ಮುಂಗೈ ಮೇಲೆ ಉದುರಿತು.

"ಹೋದ್ ವರ್ಷ ಮಳೆ ಹಿಡಿಯಾಕ್ ಮುಂಚೆನೇ ನಿನ್ ಗಂಡಂಗೆ ಇದೇ ಜಾಗ ತೋರ್ಸಿದ್ದೆ," ಎಂದರು ಅಂಗಡಿಯವರು, ಇನ್ನೂ ಮಲಗಿಕೊಂಡೇ. "ಕೊಯ್ಸಿ ಬೇರೆ ತಗಡು ಬೆಸುಗೆ ಹಾಕ್ಸು, ಅಲ್ಲೀಗಂಟ ಬುಷ್ ಕೊಡಾಕಿಲ್ಲ ಅಂದೆ. ಆಮ್ಯಾಕೆ ಈ ಕಡೆ ತಲೆ ಹಾಕ್ಲಿಲ್ಲ. ಒಂದಿನ ನೋಡ್ತೀನಿ, ಮುಂದ್ಗಡೆ ನಾಲ್ಕು ಹಳದಿ ಲೈಟ್ ಹಾಕ್ಸ್ಕಂಡು ಹೋಯ್ತಾವ್ನೆ."

ಆ ಮಳೆ ಕಳೆದ ಮೇಲೆ ನಾವು ಅದೇ ಗಾಡಿಯಲ್ಲಿ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ ಹೋಗಿದ್ದೆವು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ಕಟಕಟ ಸದ್ದು ಕೇಳಿ ಏನದು ಎಂದಿದ್ದೆ. "ರ್‍ಯಾಲಿ ಗಾಡಿ ಅಂದ್ರೆ ಹಂಗೇ ಕಣೆ," ಎಂದಿದ್ದರು ನಮ್ಮನೆಯವರು. ಗೊತ್ತಿದ್ದೂ ಹಾಗೆಂದಿದ್ದರು.

ಎದ್ದು ಕನ್ನಡಕದವನ ಮುಂದೆ ಕೈ ಚಾಚಿದೆ. "ಕೀ ಕೊಡಿ."

"ಅತ್ತಿಗೆ, ಒಂದು ವೆಲ್ಡಿಂಗ್ ಹೊಡ್ಸಿದ್ರೆ ಆಯ್ತು. ಸ್ಟಿಕ್ಕರ್ ಪ್ರಿಂಟಾಗ್ಬಿಟ್ಟಿದೆ."

"ನಿಮ್ಮ ಜೀಪಿಗೆ ಅಂಟಿಸ್ಕೊಳ್ಳಿ."

ಆತ ಕೀಯನ್ನು ಬಾನೆಟ್ಟಿನ ಮೇಲೆ ಹಾಕಿ, ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು, ಆಟೋ ಹಿಡಿದು ಹೋದ.

ನಾನು ಅಂಗಡಿಯೊಳಗೆ ಬಂದು ಕೂತು ಅತ್ತೆ. ಎಂಟು ತಿಂಗಳಿಂದಲೂ ಅಳುತ್ತಲೇ ಇದ್ದೆ, ಆದರೆ ಅದು ನೋಡುವವರ ಮರ್ಯಾದೆಗೆ ತಕ್ಕ ಅಳು. ಇದು ಹಾಗಲ್ಲ. ನನ್ನನ್ನೂ ಮಗುವನ್ನೂ ಕೊಳೆತ ತಗಡಿನ ಮೇಲೆ ಕೂರಿಸಿ ಘಾಟಿ ಇಳಿಸಿದ ಗಂಡನನ್ನು ಮನಸ್ಸಿನಲ್ಲೇ ಹಿಡಿದು ಝಾಡಿಸುತ್ತಾ ಅತ್ತೆ. ಸತ್ತವರ ಮೇಲೆ ಸಿಟ್ಟಾಗಬಹುದು ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಅಂಗಡಿಯವರು ಸಮಾಧಾನ ಮಾಡಲಿಲ್ಲ. ಟ್ರ್ಯಾಕ್ಟರಿನವನೊಬ್ಬನಿಗೆ ಫ್ಯಾನ್ ಬೆಲ್ಟ್ ಅಳೆದು ಕೊಡುತ್ತಾ, "ಅಳು. ಆದ್ರೆ ಆ ಪೆಟ್ಟಿಗೆ ಮ್ಯಾಲಿಂದ ಏಳು, ಅದ್ರಾಗೆ ಗಾಜೈತೆ," ಎಂದರು.

ಸಂಜೆ ನಾನು ಹೊರಟಾಗ ಕೇಳಿದರು: "ಗಾಡಿ ಪೂಜೆಗಾ, ಓಡ್ಸಕ್ಕಾ? ಪೂಜೆಗಾದ್ರೆ ಗುಜರಿಗೆ ಹಾಕು. ನೀನೇ ಕಲ್ತು ಓಡುಸ್ತೀನಿ ಅಂದ್ರೆ ಸರಿ ಮಾಡ್ಸನ."

ಸರಿ ಮಾಡಿಸಲು ಕಾಫಿ ಕೊಯ್ಲಿನ ತನಕ ಹಿಡಿಯಿತು. ಆ ಗಾಡಿಯ ಬುಷ್ ಎಲ್ಲೂ ಸಿಗುತ್ತಿರಲಿಲ್ಲ. ಹಳೆಯದರ ಒಳಸುತ್ತು, ಹೊರಸುತ್ತು, ಉದ್ದವನ್ನು ಅಳೆದು, ತಮ್ಮ ಡಬ್ಬಗಳನ್ನೆಲ್ಲ ಸುರಿದು, ಕೊನೆಗೆ ಒಂದು ವ್ಯಾನಿನ ಬುಷ್ ಆರಿಸಿದರು. ಒಳಗಿನ ಕೊಳವೆಯನ್ನು ಲೇತ್ ಯಂತ್ರದಲ್ಲಿ ಬೇಕಾದ ಅಳತೆಗೆ ಕೆತ್ತಿಸಿದರು. ನನಗೂ ಉಗುರೊತ್ತಿ ನೋಡಲು ಕಲಿಸಿದರು, ನನ್ನ ಉಗುರು ಮೆತ್ತಗಿದೆಯೆಂದು ಅದಕ್ಕೂ ಬೈದರು. ಕೂರಿಸುವ ದಿನ ಅಂಗಡಿ ಮುಚ್ಚಿ ಗ್ಯಾರೇಜಿಗೆ ಬಂದರು. ಗಾಡಿ ಇನ್ನೂ ಜಾಕಿನ ಮೇಲಿರುವಾಗಲೇ ಮೆಕ್ಯಾನಿಕ್ಕು ಬೋಲ್ಟ್ ಬಿಗಿಯಲು ಹೋದಾಗ ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡರು.

"ಇಳ್ಸಲಾ ಕೆಳಗೆ! ಕಾಲು ಜೋತಾಡ್ವಾಗ ಬಿಗುದ್ರೆ ರಬ್ಬರು ತಿರುಚ್ಕಂಡೇ ಕೂತ್ಕತದೆ. ಗಾಡಿ ಅದ್ರ ಭಾರ ಹೊತ್ತು ನಿಂತ್ಕಳ್ಳಿ, ಆಮ್ಯಾಕೆ ಬಿಗಿ."

ನಾನು ಗಾಡಿ ಕಲಿತೆ. ರ್‍ಯಾಲಿ ಕಾರನ್ನು ಮೂವತ್ತರ ವೇಗದಲ್ಲಿ ಓಡಿಸುತ್ತೇನೆಂದು ಊರವರು ನಗುತ್ತಿದ್ದರು. ಮಗಳನ್ನು ಶಾಲೆಗೆ ಬಿಟ್ಟದ್ದು, ಅತ್ತೆಯನ್ನು ಆಸ್ಪತ್ರೆಗೆ ಒಯ್ದದ್ದು ಅದರಲ್ಲೇ.

ಎಂಟೊಂಬತ್ತು ವರ್ಷಗಳ ನಂತರ ಅಂಗಡಿಯವರಿಗೆ ಸಕ್ಕರೆ ಕಾಯಿಲೆ ಹೆಚ್ಚಿ ಕಾಲು ತೆಗೆದರು. ಹಾಸನದ ಆಸ್ಪತ್ರೆಯಿಂದ ಅವರು ಬದುಕಿ ಬರಲಿಲ್ಲ. ಪೇಟೆಯವರು ಸೇರಿ ಒಂದು ಸಂತಾಪ ಸಭೆ ಮಾಡಿದರು. ಕನ್ನಡಕದವನು ಮೈಕಿನ ಮುಂದೆ ನಿಂತು, ಅವರು ಮೋಟಾರು ಕ್ರೀಡೆಗೆ ಬೆನ್ನೆಲುಬಾಗಿದ್ದರು, ಅವರ ಬಾಯಲ್ಲಿ ಒಂದು ಕೆಟ್ಟ ಮಾತು ಕೇಳಿದವರಿಲ್ಲ ಎಂದ. ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಜನ ತಲೆಯಾಡಿಸುತ್ತಾ ಕೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾರೋ ನನ್ನನ್ನೂ ಎರಡು ಮಾತಾಡಲು ಕರೆದರು. "ನಮ್ಮನೆಯವರು ಸತ್ತ ಮೇಲೆ ಇವರು ನನಗೆ ಬೈದರು. ಬೇರೆ ಯಾರೂ ಬೈದಿರಲಿಲ್ಲ," ಎಂದು ಹೇಳಿ ಕೂತೆ. ಸಭೆಗೆ ಅದು ದೂರಿನಂತೆ ಕೇಳಿಸಿರಬೇಕು.

ವಾಪಸು ಗಾಡಿ ಓಡಿಸಿಕೊಂಡು ಬರುವಾಗ ಮಗಳು ಪಕ್ಕದಲ್ಲಿ ಕೂತಿದ್ದಳು. ಹೈಸ್ಕೂಲಿಗೆ ಬಂದಿದ್ದಳು.

"ಅಪ್ಪಂಗೂ ಬೈತಿದ್ರಾ ಅವರು?"

"ಬೈತಿದ್ರು."

"ಯಾಕೆ? ಅಪ್ಪ ಏನ್ ಮಾಡಿದ್ರು?"

ಅಷ್ಟು ವರ್ಷ ಅವಳಿಗೆ ಅವಳಪ್ಪನ ಒಳ್ಳೆಯದನ್ನು ಮಾತ್ರ ಹೇಳಿ ಬೆಳೆಸಿದ್ದೆ. ಅಂದು ಎಲ್ಲ ಹೇಳಿದೆ. ಕೊಳೆತ ತಗಡು, ನಾಲ್ಕು ಹಳದಿ ಲೈಟು, ಬಿಸಿಲೆ ಘಾಟಿ, ಹಿಂದಿನ ಸೀಟಿನಲ್ಲಿ ಮಲಗಿದ್ದವಳು ಅವಳೇ ಎಂಬುದು.

 ಅವಳು, "ಎಂಥಾ ಪೆದ್ದ ಅಪ್ಪ! ಒಂಚೂರು ಬುದ್ಧಿ ಬೇಡ್ವಾ?" ಎಂದಳು. ಇನ್ನೂ ಏನೇನೋ ಅಂದಳು. ಅನ್ನುತ್ತಾ ಅನ್ನುತ್ತಾ ಅಳತೊಡಗಿದಳು. ನಾಲ್ಕನೆಯ ವರ್ಷದಲ್ಲಿ ಕಳೆದುಕೊಂಡ ಅಪ್ಪನಿಗಾಗಿ ನನ್ನ ಮಗಳು ಮೊದಲ ಸಲ ಅತ್ತದ್ದು ಅವತ್ತು.